ಒಂದೇ ವಿಶ್ಲೇಷಣೆ, ಎರಡು ಅದಿರು: ಅಲ್ಯುಮಿನದ ನೆಲೆ ಹುಡುಕಿದ ಒಂದು ಪ್ರಕರಣ

ಸಂಡೂರಿನ ಬೆಟ್ಟಸಾಲಿನ ಒಂದು ಕಬ್ಬಿಣದ ಗಣಿಯಿಂದ ಎರಡು ಲಾಟ್ ಪುಡಿ ಅದಿರು, ಗಣಿಯವರ ಮಾತಿನಲ್ಲಿ ಫೈನ್ಸ್, ತೊಳೆಯುವ ಘಟಕಕ್ಕೆ ಬಂದಿತ್ತು. ಒಂದು ಮೇಲಿನ ಬೆಂಚಿನದು (ಬೆಂಚು ಎಂದರೆ ಗಣಿಯಲ್ಲಿ ಮೆಟ್ಟಿಲಿನಂತೆ ಕಡಿದ ಹಂತ), ಇನ್ನೊಂದು ಅದಕ್ಕಿಂತ ಸಾಕಷ್ಟು ಕೆಳಗಿನ ಬೆಂಚಿನದು. ಎರಡರ ರಾಸಾಯನಿಕ ವಿಶ್ಲೇಷಣೆಯೂ ಹೆಚ್ಚುಕಡಿಮೆ ಒಂದೇ ಆಗಿತ್ತು: ಕಬ್ಬಿಣ ಶೇ. 58.0, ಸಿಲಿಕ (ಸಿಲಿಕಾನ್ ಆಕ್ಸೈಡ್) ಶೇ. 4.2, ಅಲ್ಯುಮಿನ (ಅಲ್ಯುಮಿನಿಯಂ ಆಕ್ಸೈಡ್) ಶೇ. 5.6, ಮತ್ತು ಕಾಯಿಸಿದಾಗ ಕಳೆಯುವ ತೂಕ, ಅಂದರೆ ಲ್ಯಾಬ್‌ನವರು ಎಲ್‌ಒಐ ಎಂದು ಬರೆಯುವುದು, ಶೇ. 7.1. ದಶಮಾಂಶದ ಸಣ್ಣ ವ್ಯತ್ಯಾಸಗಳನ್ನು ನಾನು ಇಲ್ಲಿ ದುಂಡಾಗಿಸಿದ್ದೇನೆ; ಓದುಗರು ಕಾಗದ ಹಿಡಿದು ಲೆಕ್ಕವನ್ನು ತಾವೇ ಮಾಡಿ ನೋಡಲಿ ಎಂಬುದು ಅದರ ಉದ್ದೇಶ. ವಿಶ್ಲೇಷಣೆ ಒಂದೇ ಆದರೂ ತೊಳೆದಾಗ ಎರಡೂ ಬೇರೆಬೇರೆ ರೀತಿಯಲ್ಲಿ ನಡೆದುಕೊಂಡವು. ಕೆಳಗಿನ ಬೆಂಚಿನ ಅದಿರು ಸ್ಕ್ರಬ್ಬರ್‌ನಲ್ಲಿ ಉಜ್ಜಿಸಿಕೊಂಡು ನುಣ್ಣನೆಯ ಕಣಗಳನ್ನು ನೀರಿನ ಸುಳಿಯಿಂದ ಬೇರ್ಪಡಿಸುವ ಹೈಡ್ರೋಸೈಕ್ಲೋನ್ ದಾಟಿದ ಮೇಲೆ ಅದರ ಅಲ್ಯುಮಿನ ಸ್ಪಷ್ಟವಾಗಿ ಇಳಿಯಿತು. ಮೇಲಿನ ಬೆಂಚಿನ ಅದಿರಿನಲ್ಲಿ ಅಲ್ಯುಮಿನ ಅಷ್ಟಾಗಿ ಇಳಿಯಲಿಲ್ಲ. ಸಾಲದ್ದಕ್ಕೆ ಒಳ್ಳೆಯ ಕಬ್ಬಿಣವೇ ನುಣ್ಣನೆಯ ಕೆಸರಾಗಿ ಟೇಲಿಂಗ್ಸ್ ಕೊಳಕ್ಕೆ, ಅಂದರೆ ತ್ಯಾಜ್ಯದ ಕೊಳಕ್ಕೆ, ಹರಿದುಹೋಯಿತು.

ಭಾರತದ ಕಬ್ಬಿಣದ ಅದಿರುಗಳಲ್ಲಿ ಸಿಲಿಕಕ್ಕೆ ಹೋಲಿಸಿದರೆ ಅಲ್ಯುಮಿನ ಹೆಚ್ಚು ಎಂಬುದು ಉಕ್ಕಿನ ಕಾರ್ಖಾನೆಗಳ ಹಳೆಯ ತೊಡಕು. ಊದುಕುಲುಮೆಯಲ್ಲಿ ಅಲ್ಯುಮಿನ ಹೆಚ್ಚಾದಷ್ಟೂ ಕಿಟ್ಟ ಗಟ್ಟಿಯಾಗಿ, ಸರಾಗವಾಗಿ ಹರಿಯದೆ, ಕೋಕ್ ಖರ್ಚು ಏರುತ್ತದೆ. ಹೀಗಾಗಿ ಅಲ್ಯುಮಿನ ಎಷ್ಟಿದೆ ಎಂಬುದನ್ನು ಎಲ್ಲರೂ ಕೇಳುತ್ತಾರೆ. ಅದು ಯಾವ ಖನಿಜದಲ್ಲಿ ಕೂತಿದೆ ಎಂದು ಕೇಳುವವರು ಕಡಿಮೆ. ತೊಳೆಯುವ ಘಟಕದ ಪಾಲಿಗೆ ಈ ಎರಡನೆಯ ಪ್ರಶ್ನೆಯೇ ಮುಖ್ಯ, ಏಕೆಂದರೆ ಸ್ಕ್ರಬ್ಬರ್‌ಗೆ ಸಿಗುವುದು ಖನಿಜದ ಕಣವೇ ಹೊರತು ಅಲ್ಯುಮಿನ ಎಂಬ ಸಂಖ್ಯೆಯಲ್ಲ. ನನ್ನ ಪಾಲಿಗೆ ಬಂದ ಕೆಲಸವೂ ಅದೇ ಆಗಿತ್ತು: ಕೈಯಲ್ಲಿದ್ದ ವಿಶ್ಲೇಷಣೆಯಿಂದಲೇ ಖನಿಜಗಳ ಪ್ರಮಾಣವನ್ನು ಸಾಫ್ಟ್‌ವೇರ್‌ನಿಂದ ಲೆಕ್ಕ ಹಾಕಿ, ಎರಡು ಲಾಟ್‌ಗಳ ವ್ಯತ್ಯಾಸಕ್ಕೆ ಕಾರಣ ಹೇಳುವುದು.

ವಿಶ್ಲೇಷಣೆಯಿಂದ ಖನಿಜಕ್ಕೆ ಹೋಗುವ ಈ ದಾರಿ ಹೊಸದೇನಲ್ಲ. 1902ರಲ್ಲಿ ಕ್ರಾಸ್, ಇಡಿಂಗ್ಸ್, ಪಿರ್ಸನ್ ಮತ್ತು ವಾಷಿಂಗ್ಟನ್ ಎಂಬ ನಾಲ್ವರು ಅಮೆರಿಕನ್ ಶಿಲಾಶಾಸ್ತ್ರಜ್ಞರು ಅಗ್ನಿಶಿಲೆಗಳಿಗಾಗಿ ರೂಪಿಸಿದ ಲೆಕ್ಕಕ್ಕೆ ಅವರ ಹೆಸರುಗಳ ಮೊದಲಕ್ಷರಗಳಿಂದ ಸಿಐಪಿಡಬ್ಲ್ಯೂ ನಾರ್ಮ್ ಎಂಬ ಹೆಸರು ಬಂದಿದೆ. ಭೂವಿಜ್ಞಾನ ಓದಿದವರೆಲ್ಲ ಅದನ್ನು ಒಮ್ಮೆಯಾದರೂ ಕೈಯಲ್ಲಿ ಮಾಡಿರುತ್ತಾರೆ. ಆದರೆ ಅದರ ಪಟ್ಟಿಯಲ್ಲಿರುವುದು ನೀರಿಲ್ಲದ ಖನಿಜಗಳು ಮಾತ್ರ. ಮಳೆನೀರಿಗೆ ಕೊಳೆತು ಜಂಬಿಟ್ಟಿಗೆಯಾದ ಅದಿರಿನಲ್ಲಿ ಲೆಕ್ಕಕ್ಕೆ ಬೇಕಾದದ್ದೇ ನೀರು ಹಿಡಿದ ಖನಿಜಗಳಾದ್ದರಿಂದ ಅದು ಇಲ್ಲಿ ನೆರವಿಗೆ ಬರುವುದಿಲ್ಲ. 1994ರಲ್ಲಿ ಪ್ರಕಟವಾದ ಎಲ್‌ಪಿನಾರ್ಮ್ ಎಂಬ ಪ್ರೋಗ್ರಾಮ್ ಲೀನಿಯರ್ ಪ್ರೋಗ್ರಾಮಿಂಗ್ (ಕೊಟ್ಟ ಮಿತಿಗಳೊಳಗೆ ಅತಿ ಹೆಚ್ಚಿನ ಇಲ್ಲವೇ ಅತಿ ಕಡಿಮೆಯ ಉತ್ತರ ಹುಡುಕುವ ಗಣಿತ) ವಿಧಾನವನ್ನು ಬಳಸಿತು. 2002ರ ಮಿನ್‌ಎಸ್‌ಕ್ಯೂ ಎಂಬ ಸ್ಪ್ರೆಡ್‌ಶೀಟ್ ವಿಧಾನ ಎಕ್ಸೆಲ್‌ನ ಸಾಲ್ವರ್ ಎಂಬ ಉತ್ತರ ಹುಡುಕುವ ಸಾಧನದ ಮೂಲಕ ಲೀಸ್ಟ್ ಸ್ಕ್ವೇರ್ಸ್ ಲೆಕ್ಕ, ಅಂದರೆ ಅಳತೆಗೂ ಲೆಕ್ಕಕ್ಕೂ ಇರುವ ಅಂತರಗಳ ವರ್ಗಗಳ ಮೊತ್ತವನ್ನು ಆದಷ್ಟು ಕಡಿಮೆ ಮಾಡುವ ಲೆಕ್ಕ, ಮಾಡಿತು. ಇವುಗಳಲ್ಲಿ ಖನಿಜಗಳ ಪಟ್ಟಿಯನ್ನು ಕೊಡುವವರು ನಾವು. ಯಾವ ಖನಿಜಗಳಿವೆ ಎಂದು ನಾವು ಹೇಳಬೇಕು, ಎಷ್ಟೆಷ್ಟಿವೆ ಎಂದು ಯಂತ್ರ ಹೇಳುತ್ತದೆ. ಈ ಕೆಲಸ ಹಂಚಿಕೆಯನ್ನು ಮರೆತಾಗಲೇ ತಪ್ಪುಗಳು ಹುಟ್ಟುತ್ತವೆ ಎಂಬುದು ನನ್ನ ಅನುಭವ.

ನಮ್ಮ ಪಟ್ಟಿಯಲ್ಲಿ ಐದು ಖನಿಜಗಳಿದ್ದವು. ಹೆಮಟೈಟ್‌ನಲ್ಲಿ ಶೇ. 69.9ರಷ್ಟು ಕಬ್ಬಿಣವಿದ್ದು ನೀರಿಲ್ಲ. ಗೋಥೈಟ್‌ನಲ್ಲಿ ಕಬ್ಬಿಣ ಶೇ. 62.9, ಕಾಯಿಸಿದಾಗ ಹೊರಬರುವ ನೀರು ಶೇ. 10.1. ಬಿಳಿ ಜೇಡಿಯ ಖನಿಜವಾದ ಕಯೊಲಿನೈಟ್‌ನಲ್ಲಿ ಅಲ್ಯುಮಿನ ಶೇ. 39.5, ಸಿಲಿಕ ಶೇ. 46.5, ನೀರು ಶೇ. 14.0. ಗಿಬ್ಸೈಟ್‌ನಲ್ಲಿ ಅಲ್ಯುಮಿನ ಶೇ. 65.4, ನೀರು ಶೇ. 34.6. ಕೊನೆಯದು ಬೆಣಚು, ಅಂದರೆ ಕ್ವಾರ್ಟ್ಜ್, ಅದು ಪೂರ್ತಿ ಸಿಲಿಕ. ಇವು ಐದೂ ಆ ಬೆಟ್ಟಗಳ ಕೊಳೆತ ಅದಿರಿನಲ್ಲಿ ಇರಬಹುದಾದ ಖನಿಜಗಳೇ ಆದ್ದರಿಂದ ಪಟ್ಟಿಯ ಬಗ್ಗೆ ತಕರಾರು ಇರಲಿಲ್ಲ.

ಲೆಕ್ಕಕ್ಕೆ ಕೂಡುವ ಮೊದಲೇ ಒಂದು ಎಡವಟ್ಟು ಎದುರಾಯಿತು. ಅದನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ. ಕಬ್ಬಿಣವನ್ನು ಆಕ್ಸೈಡ್ ರೂಪಕ್ಕೆ ಪರಿವರ್ತಿಸಿ, ಅಂದರೆ 1.43ರಿಂದ ಗುಣಿಸಿ, ಉಳಿದ ಅಂಕಿಗಳ ಜೊತೆ ಕೂಡಿದರೆ ಮೊತ್ತ ನೂರರ ಆಸುಪಾಸಿನಲ್ಲಿ, ರಂಜಕ ಮ್ಯಾಂಗನೀಸ್‌ಗಳಂಥ ಚಿಲ್ಲರೆಗೆ ಸ್ವಲ್ಪ ಜಾಗ ಬಿಟ್ಟು, ನಿಲ್ಲಬೇಕು. ಮೊದಲ ಕಂತಿನ ಮಾದರಿಗಳಲ್ಲಿ ಮೊತ್ತ ನೂರನ್ನು ದಾಟುತ್ತಿತ್ತು. ವಿಚಾರಿಸಿದಾಗ, ಎಕ್ಸ್‌ಆರ್‌ಎಫ್‌ಗೆ (ಕ್ಷ-ಕಿರಣದಿಂದ ಧಾತುಗಳನ್ನು ಅಳೆಯುವ ವಿಧಾನಕ್ಕೆ) ಹೋದ ಪುಡಿಯನ್ನು 105 ಡಿಗ್ರಿಯಲ್ಲಿ ಒಣಗಿಸಿದ್ದರೂ ಎಲ್‌ಒಐಗೆ ತೂಗಿದ ಪುಡಿಯನ್ನು ಒಣಗಿಸಿರಲಿಲ್ಲ ಎಂದು ತಿಳಿಯಿತು. ಮಳೆಗಾಲದ ಗಾಳಿಯ ತೇವವೂ ಎಲ್‌ಒಐ ಒಳಗೆ ಸೇರಿತ್ತು. ಗೋಥೈಟ್‌ನ ಹತ್ತನೇ ಒಂದು ಭಾಗ ಮಾತ್ರ ನೀರಾದ್ದರಿಂದ ಎಲ್‌ಒಐನಲ್ಲಿ 0.5ರಷ್ಟು ತೇವ ಸೇರಿದರೆ ಲೆಕ್ಕದಲ್ಲಿ ಗೋಥೈಟ್ ಸುಮಾರು 5ರಷ್ಟು ಉಬ್ಬುತ್ತದೆ, ಹೆಮಟೈಟ್ ಅದಕ್ಕೆ ತಕ್ಕಂತೆ ಕುಗ್ಗುತ್ತದೆ. ನಾವು ಬಳಸುತ್ತಿದ್ದ ಶೀಟಿನಲ್ಲಿ ಮೊತ್ತವನ್ನು ತಾನಾಗಿ ನೂರಕ್ಕೆ ಹೊಂದಿಸುವ ಆಯ್ಕೆಯೊಂದಿತ್ತು ಮತ್ತು ಅದು ಚಾಲನೆಯಲ್ಲಿತ್ತು. ಆ ಒಂದು ಆಯ್ಕೆ ಈ ದೋಷವನ್ನು ಪೂರ್ತಿ ಮುಚ್ಚಿಟ್ಟಿತ್ತು. ಅಂದಿನಿಂದ ನಾನು ಆ ಹೊಂದಾಣಿಕೆಯನ್ನು ಬಳಸಿಲ್ಲ. ಮೊತ್ತ ಎಷ್ಟಿದೆಯೋ ಅಷ್ಟೇ ಇರಲಿ, ಅದು ಮಾದರಿಯ ಆರೋಗ್ಯವನ್ನು ಹೇಳುವ ಮೊದಲ ಅಂಕಿ. ಒಣಗಿಸಿ ಮತ್ತೆ ತೂಗಿದ ಮೇಲೆ ಬಂದದ್ದೇ ಮೇಲೆ ಕೊಟ್ಟ ಶೇ. 7.1, ಮೊತ್ತ 99.8.

ಈಗ ಲೆಕ್ಕದ ತಿರುಳಿಗೆ ಬರೋಣ. ನಮ್ಮ ಕೈಯಲ್ಲಿದ್ದದ್ದು ಕಬ್ಬಿಣ, ಸಿಲಿಕ, ಅಲ್ಯುಮಿನ, ಎಲ್‌ಒಐ ಎಂಬ ನಾಲ್ಕು ಅಳತೆಗಳು. ಕಂಡುಹಿಡಿಯಬೇಕಾದದ್ದು ಐದು ಖನಿಜಗಳ ಪ್ರಮಾಣ. ನಾಲ್ಕು ಸಮೀಕರಣಗಳಿಂದ ಐದು ಅಜ್ಞಾತಗಳನ್ನು ಬಿಡಿಸಲಾಗದು ಎಂಬುದು ಶಾಲೆಯ ಗಣಿತ. ಆದರೂ ಸಾಫ್ಟ್‌ವೇರ್ ತಕರಾರು ಮಾಡದೆ ಉತ್ತರ ಕೊಟ್ಟಿತು, ಅದೂ ಶೇಷ (ಅಳತೆಗೂ ಲೆಕ್ಕಕ್ಕೂ ಉಳಿಯುವ ಅಂತರ) ಸೊನ್ನೆ ಎಂಬ ಷರಾದೊಂದಿಗೆ. ಮೊದಲ ಸಲ ಓಡಿಸಿದಾಗ ಬಂದ ಉತ್ತರ ಹೀಗಿತ್ತು: ಹೆಮಟೈಟ್ 40.7, ಗೋಥೈಟ್ 47.0, ಕಯೊಲಿನೈಟ್ 9.0, ಗಿಬ್ಸೈಟ್ 3.1, ಬೆಣಚು ಸೊನ್ನೆ. ಕೂಡಿದರೆ 99.8. ಘಟಕದವರಿಗೆ ಇದು ಸಮಾಧಾನದ ಉತ್ತರ, ಏಕೆಂದರೆ ಅಲ್ಯುಮಿನದ ಹೆಚ್ಚಿನ ಪಾಲು ಜೇಡಿಯಲ್ಲಿದ್ದರೆ ತೊಳೆದು ತೆಗೆಯಬಹುದು. ಆದರೆ ಸಾಲ್ವರ್‌ಗೆ ಆರಂಭದ ಊಹೆಯಾಗಿ ಬೇರೆ ಅಂಕಿಗಳನ್ನು ಕೊಟ್ಟು ಮತ್ತೆ ಓಡಿಸಿದಾಗ ಉತ್ತರ ಬದಲಾಯಿತು. ಕಯೊಲಿನೈಟ್ ಇಲ್ಲವೇ ಇಲ್ಲ ಎಂದು ಹಿಡಿದರೆ ಹೆಮಟೈಟ್ 46.3, ಗೋಥೈಟ್ 40.7, ಗಿಬ್ಸೈಟ್ 8.6, ಬೆಣಚು 4.2 ಬರುತ್ತದೆ. ಕೂಡಿದರೆ ಇದೂ 99.8, ಇಲ್ಲೂ ಶೇಷ ಸೊನ್ನೆ. ಇವೆರಡರ ನಡುವಿನ ಯಾವ ಮಿಶ್ರಣವನ್ನು ತೆಗೆದುಕೊಂಡರೂ ನಾಲ್ಕು ಅಳತೆಗಳಿಗೆ ಚಾಚೂ ತಪ್ಪದೆ ಹೊಂದುತ್ತದೆ.

ಮೊತ್ತ ಕೂಡಿಬಂತು, ಶೇಷ ಸೊನ್ನೆಯಾಯಿತು, ಆದ್ದರಿಂದ ಖನಿಜಗಳು ಸರಿಯಾಗಿವೆ ಎಂಬ ತೀರ್ಮಾನವನ್ನು ನಾನು ಹಲವು ವರದಿಗಳಲ್ಲಿ ಓದಿದ್ದೇನೆ, ಹಿಂದೆ ನಾನೂ ಬರೆದಿದ್ದೇನೆ. ಅದು ತಪ್ಪು. ನೀರು, ಸಿಲಿಕ, ಅಲ್ಯುಮಿನಗಳನ್ನು ಯಾವ ಖನಿಜದ ಹೆಸರಿನಲ್ಲಿ ಬರೆದರೂ ಆಕ್ಸೈಡ್‌ಗಳ ಮೊತ್ತ ಬದಲಾಗುವುದಿಲ್ಲ. ಹೀಗಾಗಿ ಆ ಮೊತ್ತ ಲ್ಯಾಬ್‌ನ ಕೆಲಸವನ್ನು ಪರೀಕ್ಷಿಸಬಲ್ಲದೇ ಹೊರತು ನಮ್ಮ ಖನಿಜ ಹಂಚಿಕೆಯನ್ನಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ಲೀನಿಯರ್ ಪ್ರೋಗ್ರಾಮಿಂಗ್‌ನ ಸಾಮಾನ್ಯ ವಿಧಾನ ಸಾಧ್ಯ ಉತ್ತರಗಳ ಕ್ಷೇತ್ರದ ಮೂಲೆಯಲ್ಲೇ ಹೋಗಿ ನಿಲ್ಲುವಂಥದ್ದು. ಅಂದರೆ ಒಂದಲ್ಲ ಒಂದು ಖನಿಜವನ್ನು ಪೂರ್ತಿ ಸೊನ್ನೆ ಮಾಡಿಯೇ ಉತ್ತರ ಕೊಡುವುದು ಅದರ ಸ್ವಭಾವ. ನಮ್ಮ ಮೊದಲ ಉತ್ತರದಲ್ಲಿ ಬೆಣಚು ಸೊನ್ನೆಯಾದದ್ದನ್ನು ಕಂಡು ಅದಿರಿನಲ್ಲಿ ಬೆಣಚೇ ಇಲ್ಲ ಎಂದು ಓದುವುದು, ಗಣಿತದ ಸ್ವಭಾವವನ್ನು ಬಂಡೆಯ ಸ್ವಭಾವವೆಂದು ಓದಿದಂತೆ.

ಈ ಹಂತದಲ್ಲಿ ನೆರವಾದದ್ದು 2007ರಲ್ಲಿ ಪ್ರಕಟವಾದ ಎ2ಎಂ ಎಂಬ ಪ್ರೋಗ್ರಾಮಿನ ಹಿಂದಿರುವ ಯೋಚನೆ: ಒಂದು ವಿಶ್ಲೇಷಣೆಗೆ ಒಂದೇ ಉತ್ತರವನ್ನು ಆರಿಸುವ ಬದಲು, ಅದಕ್ಕೆ ಹೊಂದುವ ಎಲ್ಲ ಖನಿಜ ಸಂಯೋಜನೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು. ಅದನ್ನೇ ಸರಳವಾಗಿ ಮಾಡಲು ಪ್ರತಿ ಖನಿಜವನ್ನೂ ಒಮ್ಮೆ ಆದಷ್ಟು ಕಡಿಮೆ, ಒಮ್ಮೆ ಆದಷ್ಟು ಹೆಚ್ಚು ಮಾಡು ಎಂದು ಸಾಲ್ವರ್‌ಗೆ ಹೇಳಬಹುದು. ಐದು ಖನಿಜಗಳಿಗೆ ಹತ್ತು ಸಲ ಓಡಿಸಿದರೆ ಸಾಕು. ನಮ್ಮ ಅದಿರಿಗೆ ಬಂದ ವ್ಯಾಪ್ತಿಗಳು ಹೀಗಿದ್ದವು: ಕಯೊಲಿನೈಟ್ 0ಯಿಂದ 9.0, ಗಿಬ್ಸೈಟ್ 3.1ರಿಂದ 8.6, ಬೆಣಚು 0ಯಿಂದ 4.2, ಗೋಥೈಟ್ 40.7ರಿಂದ 47.0, ಹೆಮಟೈಟ್ 40.7ರಿಂದ 46.3. ಕಬ್ಬಿಣದ ಖನಿಜಗಳ ಬಗ್ಗೆ ನಮಗೆ ಒಂದಿಷ್ಟು ತಿಳಿದಿದೆ, ಅಲ್ಯುಮಿನದ ಖನಿಜಗಳ ಬಗ್ಗೆ ತೀರಾ ಕಡಿಮೆ ತಿಳಿದಿದೆ ಎಂಬುದನ್ನು ಈ ಅಂಕಿಗಳು ಮರೆಮಾಚದೆ ಹೇಳಿದವು. ವರದಿಯಲ್ಲಿ ಇಂಥ ವ್ಯಾಪ್ತಿ ಬರೆದರೆ ಓದುವವರಿಗೆ ಅಸಮಾಧಾನವಾಗುತ್ತದೆ, ಒಂದೇ ಅಂಕಿ ಬೇಕು ಎನ್ನುತ್ತಾರೆ. ಆದರೂ ವ್ಯಾಪ್ತಿಯನ್ನೇ ಬರೆಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಐದನೆಯ ಅಳತೆ ಬೇಕು ಎಂದು ಗಣಿಯವರ ಮನವೊಲಿಸಿದ್ದು ಆ ವ್ಯಾಪ್ತಿಯೇ.

ಆ ಐದನೆಯ ಅಳತೆ ದುಬಾರಿಯದೇನೂ ಆಗಿರಲಿಲ್ಲ. ಗಿಬ್ಸೈಟ್ ಮತ್ತು ಗೋಥೈಟ್ ತಮ್ಮ ನೀರನ್ನು ಸುಮಾರು 250ರಿಂದ 350 ಡಿಗ್ರಿ ಸೆಲ್ಸಿಯಸ್ ನಡುವೆ ಬಿಟ್ಟುಕೊಡುತ್ತವೆ. ಕಯೊಲಿನೈಟ್‌ನ ನೀರು ಹೊರಬರಲು 450 ಡಿಗ್ರಿ ದಾಟಬೇಕು. ಆದ್ದರಿಂದ ಮಾದರಿಯನ್ನು ನೇರವಾಗಿ 1000 ಡಿಗ್ರಿಗೆ ಒಯ್ಯದೆ, 400 ಡಿಗ್ರಿಯ ಹತ್ತಿರ ಒಮ್ಮೆ ನಿಲ್ಲಿಸಿ ತೂಗಿದರೆ ಎಲ್‌ಒಐ ಎರಡು ಭಾಗವಾಗುತ್ತದೆ, ಎರಡನೆಯ ಭಾಗ ಬಹುಮಟ್ಟಿಗೆ ಕಯೊಲಿನೈಟ್‌ನದೇ ಆಗಿರುತ್ತದೆ. ಆಸ್ಟ್ರೇಲಿಯದ ಪಿಲ್ಬರ ಪ್ರದೇಶದ ಕಬ್ಬಿಣದ ಗಣಿಗಳಲ್ಲಿ ಹೀಗೆ ಹಂತಹಂತವಾಗಿ ಎಲ್‌ಒಐ ಅಳೆಯುವುದು ರೂಢಿಯಲ್ಲಿದೆ. ನಮ್ಮ ಎರಡು ಲಾಟ್‌ಗಳ ಒಟ್ಟು ಎಲ್‌ಒಐ ಒಂದೇ ಆಗಿದ್ದರೂ ಅದು ಒಡೆದುಕೊಂಡ ರೀತಿ ಬೇರೆಯಾಗಿತ್ತು. ಕೆಳಗಿನ ಬೆಂಚಿನ ಅದಿರಿನಲ್ಲಿ 400 ಡಿಗ್ರಿಯ ನಂತರ ಕಳೆದದ್ದು 1.20, ಮೇಲಿನ ಬೆಂಚಿನದರಲ್ಲಿ 0.35.

ಇದನ್ನು ಸಮೀಕರಣಕ್ಕೆ ಸೇರಿಸಿದ ಕೂಡಲೇ ಎರಡು ಅದಿರುಗಳು ಬೇರೆಯಾದವು. ಕೆಳಗಿನ ಬೆಂಚ್: ಹೆಮಟೈಟ್ 41.0, ಗೋಥೈಟ್ 46.7, ಕಯೊಲಿನೈಟ್ 8.6, ಗಿಬ್ಸೈಟ್ 3.4, ಬೆಣಚು 0.2. ಮೇಲಿನ ಬೆಂಚ್: ಹೆಮಟೈಟ್ 44.8, ಗೋಥೈಟ್ 42.5, ಕಯೊಲಿನೈಟ್ 2.5, ಗಿಬ್ಸೈಟ್ 7.1, ಬೆಣಚು 3.0. ಒಟ್ಟು 5.6 ಅಲ್ಯುಮಿನದಲ್ಲಿ ಕೆಳಗಿನ ಅದಿರಿನ ಜೇಡಿಯ ಪಾಲು 3.4, ಮೇಲಿನದರಲ್ಲಿ ಕೇವಲ 1.0. ತೊಳೆದಾಗ ಒಂದು ಇಳಿದು ಇನ್ನೊಂದು ಇಳಿಯದ ಕಾರಣ ಇಲ್ಲಿ ಕಾಣಿಸಿತು. ಬೆಟ್ಟದ ರಚನೆಗೂ ಇದು ಹೊಂದುತ್ತದೆ: ಮೇಲೆ ಜಂಬಿಟ್ಟಿಗೆಯ ಹೊದಿಕೆಯ ಹತ್ತಿರ ಮಳೆನೀರು ಸಿಲಿಕವನ್ನು ಕರಗಿಸಿ ಒಯ್ದು ಜೇಡಿಯನ್ನು ಗಿಬ್ಸೈಟ್ ಆಗಿಸುತ್ತದೆ, ಕೆಳಗೆ ಅದಿರಿನ ಪದರಗಳ ನಡುವಿನ ಶೇಲ್ ಎಂಬ ಜೇಡಿಗಲ್ಲು ಕೊಳೆತು ಜೇಡಿಯಾಗಿಯೇ ಉಳಿದಿರುತ್ತದೆ. ನಿಜ ಹೇಳಬೇಕೆಂದರೆ ಈ ಸುಳಿವು ನಮಗೆ ಮೊದಲೇ ಸಿಕ್ಕಿತ್ತು. ಮಾದರಿ ತುಂಬುತ್ತಿದ್ದ ಗಣಿಯ ಕೆಲಸಗಾರರೊಬ್ಬರು, “ಕೆಳಗಿಂದು ಕೈಗೆ ಹತ್ತುತೈತಿ ಸಾರ್, ಮೇಲಿಂದು ಹತ್ತಂಗಿಲ್ಲ” ಎಂದು ಹೇಳಿದ್ದರು. ಜೇಡಿ ಕೈಗೆ ಅಂಟುತ್ತದೆ, ಗಿಬ್ಸೈಟ್ ಅಂಟುವುದಿಲ್ಲ. ಅವರ ಮಾತನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ, ಆದರೆ ಲೆಕ್ಕದೊಳಗೆ ತಂದಿರಲಿಲ್ಲ. ಮಾದರಿಯ ಚೀಲದ ಮೇಲೆ ಅಂಟುವುದೋ ಇಲ್ಲವೋ, ಬಣ್ಣ ಯಾವುದು, ಕಾಂತಕ್ಕೆ ಹಿಡಿಯುವುದೋ ಎಂದು ಬರೆದಿಡುವ ಒಂದು ಸಾಲಿಗೆ ಖನಿಜಗಳ ಪಟ್ಟಿಯನ್ನು ಸರಿಪಡಿಸುವ ಶಕ್ತಿ ಇದೆ.

ಪ್ರಕರಣ ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದಾಗ ಎಕ್ಸ್‌ಆರ್‌ಡಿ ಚಿತ್ರ, ಅಂದರೆ ಹರಳುಗಳಿಂದ ಕ್ಷ-ಕಿರಣ ಚೆದುರುವ ಕೋನಗಳನ್ನು ಶಿಖರಗಳಾಗಿ ತೋರಿಸಿ ಖನಿಜವನ್ನು ಗುರುತಿಸುವ ಚಿತ್ರ, ಬಂತು. ಕಬ್ಬಿಣ ತುಂಬಿದ ಮಾದರಿಗೆ ಸಾಮಾನ್ಯ ತಾಮ್ರದ ಕ್ಷ-ಕಿರಣ ಟ್ಯೂಬ್ ಬಳಸಿದರೆ ಕಬ್ಬಿಣ ತಾನೇ ಪ್ರತಿದೀಪಿಸಿ ಹಿನ್ನೆಲೆಯನ್ನು ಎತ್ತರಿಸುತ್ತದೆ, ಸಣ್ಣ ಶಿಖರಗಳು ಅದರಲ್ಲಿ ಮುಳುಗಿಹೋಗುತ್ತವೆ. ಆದ್ದರಿಂದ ಕೋಬಾಲ್ಟ್ ಟ್ಯೂಬ್ ಇರುವ ಯಂತ್ರದಲ್ಲೇ ಮಾಡಿಸಿದ್ದೆವು. ಮೇಲಿನ ಬೆಂಚಿನ ಅದಿರಿನಲ್ಲಿ ಗಿಬ್ಸೈಟ್ ಶಿಖರ ಇತ್ತು, ಆದರೆ ನಮ್ಮ ಲೆಕ್ಕದ 7.1ಕ್ಕೆ ತಕ್ಕಷ್ಟು ಎತ್ತರವಾಗಿರಲಿಲ್ಲ. ಗೋಥೈಟ್‌ನ ಶಿಖರಗಳೂ ಪುಸ್ತಕದಲ್ಲಿರುವ ಜಾಗದಿಂದ ತುಸು ಸರಿದಿದ್ದವು, ಹೆಚ್ಚಿನ ಕೋನದ ಕಡೆಗೆ. ಅದರ ಅರ್ಥ, ಗೋಥೈಟ್‌ನ ಹರಳಿನೊಳಗೆ ಕಬ್ಬಿಣದ ಕೆಲವು ಜಾಗಗಳಲ್ಲಿ ಅದಕ್ಕಿಂತ ಚಿಕ್ಕದಾದ ಅಲ್ಯುಮಿನಿಯಂ ಪರಮಾಣು ಕೂತು ಹರಳಿನ ಅಳತೆಯನ್ನು ಕುಗ್ಗಿಸಿದೆ. ಜಂಬಿಟ್ಟಿಗೆ ಮಣ್ಣುಗಳಲ್ಲಿ ಇದು ಅಪರೂಪವಲ್ಲ. ಗೋಥೈಟ್ ಮೂರನೇ ಒಂದು ಭಾಗದಷ್ಟು ಜಾಗವನ್ನೂ ಅಲ್ಯುಮಿನಿಯಂಗೆ ಬಿಟ್ಟುಕೊಡಬಲ್ಲದು. ನಮ್ಮ ಪಟ್ಟಿಯ ಗೋಥೈಟ್ ಮಾತ್ರ ಪುಸ್ತಕದ ಶುದ್ಧ ಗೋಥೈಟ್ ಆಗಿತ್ತು.

ಇದರಿಂದ ಲೆಕ್ಕ ಎಷ್ಟು ಅಲುಗಾಡುತ್ತದೆ ಎಂದು ನೋಡಿದಾಗ ನನಗೆ ನಿಜಕ್ಕೂ ಆತಂಕವಾಯಿತು. ನೂರರಲ್ಲಿ ಐದು ಜಾಗಗಳಲ್ಲಿ ಅಲ್ಯುಮಿನಿಯಂ ಇದ್ದರೆ ಗೋಥೈಟ್‌ನ ತೂಕದಲ್ಲಿ ಅಲ್ಯುಮಿನ ಶೇ. 2.9ರಷ್ಟಾಗುತ್ತದೆ, ಕಬ್ಬಿಣ ಶೇ. 60.7ಕ್ಕೆ ಇಳಿಯುತ್ತದೆ. ಈ ಗೋಥೈಟ್ ಹಾಕಿ ಮತ್ತೆ ಲೆಕ್ಕ ಮಾಡಿದರೆ ಮೇಲಿನ ಬೆಂಚಿನ ಗಿಬ್ಸೈಟ್ 7.1ರಿಂದ 4.9ಕ್ಕೆ ಬೀಳುತ್ತದೆ, ಗೋಥೈಟ್ 42.5ರಿಂದ 49.2ಕ್ಕೆ ಏರುತ್ತದೆ, ಹೆಮಟೈಟ್ 40.3 ಆಗುತ್ತದೆ. ಹತ್ತು ಜಾಗಗಳೆಂದು ಹಿಡಿದರೆ ಗಿಬ್ಸೈಟ್ 1.7ಕ್ಕೆ ಕುಸಿದು ಗೋಥೈಟ್ 58.7ಕ್ಕೆ ಹೋಗುತ್ತದೆ. ಮೂರು ಸಲವೂ ಮೊತ್ತ ಅದೇ 99.8, ಮೂರು ಸಲವೂ ಶೇಷ ಸೊನ್ನೆ. ಖನಿಜಗಳ ಹೆಸರುಗಳು ಸರಿಯಾಗಿದ್ದರೂ ಅವುಗಳ ಸಂಯೋಜನೆ ತುಸು ತಪ್ಪಿದರೆ ಉತ್ತರ ಇಷ್ಟು ದೂರ ಜಾರುತ್ತದೆ, ಜಾರಿದ ಗುರುತೂ ಉಳಿಯುವುದಿಲ್ಲ. ಶಿಖರ ಸರಿದ ಪ್ರಮಾಣದಿಂದ ಲೆಕ್ಕ ಹಾಕಿದಾಗ ನಮ್ಮ ಅದಿರಿಗೆ ಐದರ ಸುತ್ತಮುತ್ತಲಿನ ಅಂಕಿ ಹೊಂದುತ್ತಿತ್ತು. ಎಕ್ಸ್‌ಆರ್‌ಡಿ ಚಿತ್ರದ ಗಿಬ್ಸೈಟ್ ಶಿಖರವೂ ಅದನ್ನೇ ಬೆಂಬಲಿಸಿತು. ಹಾಗಾಗಿ ಆ ಗಣಿಯ ಮೇಲಿನ ಬೆಂಚಿಗೆ ಆ ಗೋಥೈಟನ್ನೇ ಪಟ್ಟಿಯಲ್ಲಿಟ್ಟೆವು. ಪಕ್ಕದ ಗಣಿಗೆ ಇದೇ ಅಂಕಿ ನಡೆಯುತ್ತದೆ ಎಂದು ನಾನು ಹೇಳಲಾರೆ.

ಎಲ್ಲ ಮಾದರಿಗೂ ಎಕ್ಸ್‌ಆರ್‌ಡಿ ಮಾಡಿಸುವುದು ಯಾವ ಗಣಿಗೂ ಆಗದ ಮಾತು, ಅದರ ಅಗತ್ಯವೂ ಇಲ್ಲ. ಪ್ರತಿ ಬೆಂಚಿನ ಕೆಲವು ಸಂಯುಕ್ತ (ಹಲವು ಮಾದರಿಗಳನ್ನು ಬೆರೆಸಿದ) ಮಾದರಿಗಳಿಗೆ ಎಕ್ಸ್‌ಆರ್‌ಡಿ ಮಾಡಿಸಿ ಖನಿಜಗಳ ಪಟ್ಟಿಯನ್ನೂ ಗೋಥೈಟ್‌ನ ಸಂಯೋಜನೆಯನ್ನೂ ಗೊತ್ತುಮಾಡಿಕೊಂಡು, ಉಳಿದ ಎಲ್ಲ ಮಾದರಿಗಳಿಗೆ ಎರಡು ಹಂತದ ಎಲ್‌ಒಐ ಸೇರಿದ ಸಾಮಾನ್ಯ ವಿಶ್ಲೇಷಣೆಯಿಂದ ಲೆಕ್ಕ ಹಾಕುವುದು ನಾವು ಕಂಡುಕೊಂಡ ಕ್ರಮ. ಇಲ್ಲಿ ಸಾಫ್ಟ್‌ವೇರ್‌ನ ನಿಜವಾದ ಬಲವಿದೆ: ಬೆರಳೆಣಿಕೆಯ ಮಾದರಿಗಳ ಮೇಲಿನ ದುಬಾರಿ ಅಳತೆಯನ್ನು ಸಾವಿರಾರು ಮಾದರಿಗಳಿಗೆ ಒಯ್ಯಬಹುದು. ಆದರೆ ಬಂಡೆ ಬದಲಾದ ಕಡೆ ಅದನ್ನು ನಿಲ್ಲಿಸಲೇಬೇಕು. ಕಾಂತಕ್ಕೆ ಹಿಡಿಯುವ ಕಬ್ಬಿಣದ ಆಕ್ಸೈಡ್ ಆದ ಮ್ಯಾಗ್ನೆಟೈಟ್ ಉಳಿದಿರುವ ಆಳದ ಅದಿರಿನಲ್ಲಿ ಕಾಯಿಸುವಾಗ ಅದು ಆಮ್ಲಜನಕ ಹೀರಿ ತನ್ನ ತೂಕದ ಶೇ. 3.5ರಷ್ಟು ಭಾರವಾಗುತ್ತದೆ, ಎಲ್‌ಒಐ ಅಷ್ಟರಮಟ್ಟಿಗೆ ಕಡಿಮೆ ಕಂಡು, ಗೋಥೈಟ್ ಇರುವುದಕ್ಕಿಂತ ಕಡಿಮೆಯೆಂಬ ಸುಳ್ಳು ಉತ್ತರ ಬರುತ್ತದೆ. ಕಾರ್ಬೊನೇಟ್ ಇದ್ದರೆ ಎಲ್‌ಒಐನ ಎರಡನೆಯ ಭಾಗದಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿಕೊಂಡು ಜೇಡಿಯಂತೆ ಕಾಣುತ್ತದೆ. ಇಂಥಲ್ಲಿ ಫೆರಸ್ ಕಬ್ಬಿಣವನ್ನೂ (ಪೂರ್ತಿ ಆಕ್ಸೀಕರಣವಾಗದ ಕಬ್ಬಿಣ) ಇಂಗಾಲವನ್ನೂ ಬೇರೆಯಾಗಿ ಅಳೆಯದೆ ಲೆಕ್ಕಕ್ಕೆ ಕೂಡಬಾರದು. ಅಳತೆಗಳ ನಿಖರತೆಯನ್ನೂ ಮರೆಯುವಂತಿಲ್ಲ: ಎರಡನೆಯ ಹಂತದ ತೂಕದಲ್ಲಿ 0.1ರ ತಪ್ಪಾದರೆ ಕಯೊಲಿನೈಟ್ 0.7ರಷ್ಟು ಆಚೀಚೆಯಾಗುತ್ತದೆ.

ಗಣಿಯವರು ಕೊನೆಗೆ ಕೆಳಗಿನ ಬೆಂಚಿನ ಅದಿರನ್ನು ತೊಳೆಯುವುದನ್ನು ಮುಂದುವರಿಸಿದರು. ಮೇಲಿನ ಬೆಂಚಿನದನ್ನು ತೊಳೆಯುವುದು ನಿಲ್ಲಿಸಿ, ಅಲ್ಯುಮಿನ ಕಡಿಮೆ ಇರುವ ಅದಿರಿನ ಜೊತೆ ಬೆರೆಸಿ ಕಳಿಸತೊಡಗಿದರು. ಅರೆದು ನುಣ್ಣಗೆ ಮಾಡಿದರೆ ಅಲ್ಯುಮಿನ ಬಿಡಿಸಬಹುದಲ್ಲವೇ ಎಂಬ ಪ್ರಶ್ನೆ ಸಭೆಯಲ್ಲಿ ಬಂದಿತ್ತು. ಅದಕ್ಕೆ ಉತ್ತರ ಲೆಕ್ಕದಲ್ಲೇ ಇತ್ತು. ಮೇಲಿನ ಬೆಂಚಿನ 5.6 ಅಲ್ಯುಮಿನದಲ್ಲಿ 1.0 ಜೇಡಿಯಲ್ಲಿ, 3.2 ಗಿಬ್ಸೈಟ್‌ನಲ್ಲಿ, ಉಳಿದ 1.4 ಗೋಥೈಟ್‌ನ ಹರಳಿನೊಳಗೆ. ಜೇಡಿಯ ಮತ್ತು ಗಿಬ್ಸೈಟ್‌ನ ಕೊನೆಯ ಕಣವನ್ನೂ ಬೇರ್ಪಡಿಸಿದೆವು ಎಂದೇ ಇಟ್ಟುಕೊಂಡರೂ ಉಳಿಯುವ ಅದಿರಿನಲ್ಲಿ ಅಲ್ಯುಮಿನ ಶೇ. 1.5ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಎಷ್ಟು ಅರೆದರೂ ಆ ಅಲ್ಯುಮಿನ ಗೋಥೈಟ್‌ನ ಜೊತೆಯಲ್ಲೇ ಕುಲುಮೆಗೆ ಹೋಗುತ್ತದೆ.